ಹಸುವಿನ ತೇಗು, ಸುಬಾಬುಲ್ ಎಲೆಯ ಒಗರು

ಹಸಿ ಅಡಿಕೆ ಜಗಿದರೆ ನಾಲಗೆ ಬಿಗಿದು ಒರಟಾದಂತೆ ಅನಿಸುತ್ತದಲ್ಲ, ಅದಕ್ಕೆ ಕಾರಣ ಟ್ಯಾನಿನ್. ಎಂಜಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದು ಗಂಟು ಹಾಕುತ್ತದೆ, ಬಾಯಿಯ ಜಾರು ಹೋಗುತ್ತದೆ. ಇದನ್ನೇ ನಾವು ಒಗರು ಎನ್ನುತ್ತೇವೆ. ಅಡಿಕೆ ಬೇಯಿಸಿ ಉಳಿದ ಚೊಗರು ಈ ಟ್ಯಾನಿನ್ನಿನ ಗಟ್ಟಿ ದ್ರಾವಣ. ಸುಬಾಬುಲ್, ಬೇಲಿಮೆಂತೆಯಂಥ ದ್ವಿದಳ ಮೇವಿನ ಎಲೆಗಳಲ್ಲೂ ಸ್ವಲ್ಪ ಒಗರು ಇರುತ್ತದೆ. ನಾಲಗೆಯ ಮೇಲೆ ನಡೆಯುವ ಈ ಗಂಟು ಹಾಕುವ ಕೆಲಸವೇ ಹಸುವಿನ ಮೊದಲ ಹೊಟ್ಟೆಯಲ್ಲೂ ನಡೆಯುತ್ತದೆ. ಅಲ್ಲಿ ಅದರ ಫಲ, ಹಸು ತೇಗಿನಲ್ಲಿ ಬಿಡುವ, ವಾತಾವರಣಕ್ಕೆ ಬಿಸಿ ಏರಿಸುವ ಮೀಥೇನ್ ಅನಿಲ ಒಂದಿಷ್ಟು ಕಡಿಮೆ. ಎಷ್ಟು ಕಡಿಮೆ, ಯಾವಾಗ, ಯಾವಾಗ ಏನೂ ಆಗುವುದಿಲ್ಲ ಎಂಬುದು ಎಲೆಯ ಹೆಸರಿಗಿಂತ ಅದರ ಪ್ರಮಾಣದ ಮೇಲೆ ಹೋಗುತ್ತದೆ.

ಮೊದಲು ಹೊಟ್ಟೆಯೊಳಗಿನ ಸಂಗತಿ. ದೊಡ್ಡ ಹಸುವಿನ ರುಮೆನ್, ಅಂದರೆ ಮೊದಲ ಹೊಟ್ಟೆ, ನೂರು ಲೀಟರಿಗೂ ಮೀರಿದ ಹುದುಗಿನ ತೊಟ್ಟಿ. ಒಳಗೆ ಸುಮಾರು 39 ಡಿಗ್ರಿ ಶಾಖ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ರಸಸಾರ (ಪಿಎಚ್) 6ರಿಂದ 7ರ ನಡುವೆ. ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ, ಲಕ್ಷದ ಲೆಕ್ಕದಲ್ಲಿ ಪ್ರೋಟೊಜೋವಾ, ಜೊತೆಗೆ ಶಿಲೀಂಧ್ರ. ಇವುಗಳ ನಡುವೆ ಆರ್ಕಿಯಾ ಎಂಬ ಬೇರೆಯೇ ಕುಲದ ಜೀವಿಗಳೂ ಇವೆ. ಮೀಥೇನ್ ಮಾಡುವವು ಇವೇ. ಹೆಚ್ಚಿನ ದನಗಳಲ್ಲಿ ಮೆಥನೊಬ್ರೆವಿಬ್ಯಾಕ್ಟರ್ ಎಂಬ ಗುಂಪಿನದೇ ಮೇಲುಗೈ.

ಹುಲ್ಲಿನ ನಾರನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಸಕ್ಕರೆ ಬರುತ್ತದೆ, ಸಕ್ಕರೆ ಒಡೆದಾಗ ಮೂರು ಬಗೆಯ ಆಮ್ಲ. ಒಂದು ಗ್ಲೂಕೋಸ್ ಅಣು ಎರಡು ಅಸಿಟಿಕ್ ಆಮ್ಲವಾಗುವಾಗ ನಾಲ್ಕು ಹೈಡ್ರೊಜನ್ ಅಣುಗಳನ್ನು ಹೊರಗೆ ಬಿಡುತ್ತದೆ. ಅದೇ ಗ್ಲೂಕೋಸ್ ಎರಡು ಪ್ರೊಪಿಯಾನಿಕ್ ಆಮ್ಲವಾದರೆ ತಿರುಗಾ ಎರಡು ಹೈಡ್ರೊಜನ್ ಅಣುಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಬ್ಯುಟಿರಿಕ್ ಆಮ್ಲವಾದರೆ ಎರಡು ಹೊರಗೆ. ಹುಲ್ಲು ಹೆಚ್ಚಾದಷ್ಟೂ ಅಸಿಟಿಕ್ ಹೆಚ್ಚು, ಕಾಳು ಹಿಂಡಿ ಹೆಚ್ಚಾದಷ್ಟೂ ಪ್ರೊಪಿಯಾನಿಕ್ ಹೆಚ್ಚು. ಉಳಿದ ಹೈಡ್ರೊಜನ್ ಹೊಟ್ಟೆಯಲ್ಲಿ ಕಟ್ಟಿಕೊಂಡರೆ ಹುದುಗುವ ಕೆಲಸವೇ ನಿಧಾನವಾಗುತ್ತದೆ. ಆಗ ಆರ್ಕಿಯಾಗಳು ನಾಲ್ಕು ಹೈಡ್ರೊಜನ್ ಅಣುಗಳಿಗೆ ಒಂದು ಇಂಗಾಲದ ಡೈಆಕ್ಸೈಡ್ ಸೇರಿಸಿ ಒಂದು ಮೀಥೇನ್, ಎರಡು ನೀರು ಮಾಡಿ ಮುಗಿಸುತ್ತವೆ. ಹಸುವಿಗೆ ಅವು ಕಸ ಗುಡಿಸಿಕೊಡುತ್ತವೆ, ಗುಡಿಸಿದ ಕೂಲಿಯಾಗಿ ಶಕ್ತಿ ಒಯ್ಯುತ್ತವೆ. ಆರ್ಕಿಯಾವನ್ನು ಬರೀ ಕೊಂದು ಹಾಕಿದರೆ ಗೆದ್ದಂತಲ್ಲ ಎಂಬುದು ಇದಕ್ಕೇ. ಹೈಡ್ರೊಜನ್ ಹುಟ್ಟುವುದು ಕಡಿಮೆಯಾಗಬೇಕು, ಇಲ್ಲವೇ ಅದಕ್ಕೆ ಬೇರೆ ದಾರಿ ಸಿಗಬೇಕು.

ಮೀಥೇನ್ ಹಿಂದಿನಿಂದ ಹೋಗುತ್ತದೆ ಎಂಬ ತಮಾಷೆ ಎಲ್ಲ ಕಡೆ ಓಡಾಡುತ್ತಿದೆ. ನಿಜದಲ್ಲಿ ಬಹುಪಾಲು ತೇಗಿನಲ್ಲಿ, ಉಸಿರಿನಲ್ಲಿ, ಬಾಯಿ ಮೂಗಿನ ಮೂಲಕವೇ ಹೋಗುತ್ತದೆ. ಹಿಂದಿನಿಂದ ಹೋಗುವುದು ನೂರಕ್ಕೆ ಎರಡು ಮೂರು ಪಾಲು.

ಒಂದು ಲೆಕ್ಕ ಹಾಕಿ ನೋಡೋಣ. 400 ಕಿಲೋ ತೂಗುವ ಹಸು ದಿನಕ್ಕೆ 10 ಕಿಲೋ ಒಣತೂಕದ (ನೀರಿನಂಶ ಬಿಟ್ಟ ತೂಕದ) ಮೇವು ತಿಂದರೆ ಅದರಲ್ಲಿ ಸುಮಾರು 185 ಮೆಗಾಜೂಲ್ ಶಕ್ತಿ ಇರುತ್ತದೆ. ಹುಲ್ಲು ತಿನ್ನುವ ದನದಲ್ಲಿ ಈ ಶಕ್ತಿಯ 6.5 ಶೇಕಡಾ ಮೀಥೇನಾಗಿ ನಷ್ಟವಾಗುತ್ತದೆ ಎಂಬುದು ರೂಢಿಯ ಅಂಕಿ. ಅಂದರೆ 12 ಮೆಗಾಜೂಲ್, ಅಂದರೆ ದಿನಕ್ಕೆ ಸುಮಾರು 215 ಗ್ರಾಂ ಮೀಥೇನ್. ಒಂದು ಲೀಟರ್ ಹಾಲಿನಲ್ಲಿರುವ ಶಕ್ತಿ ಸುಮಾರು 3 ಮೆಗಾಜೂಲ್. ನಾಲ್ಕು ಲೀಟರ್ ಹಾಲಿನಷ್ಟು ಶಕ್ತಿ ದಿನವೂ ಗಾಳಿಗೆ ಹೋಗುತ್ತಿದೆ ಎಂದ ಹಾಗಾಯಿತು. ಹಾಗೆಂದು ಮೀಥೇನ್ ಐದನೇ ಒಂದು ಪಾಲು ಇಳಿಸಿದರೆ ಮುಕ್ಕಾಲು ಲೀಟರ್ ಹಾಲು ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಳಿದ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ, ಒಂದು ಪಾಲು ಸಗಣಿಯಾಗಿ, ಒಂದು ಪಾಲು ಹಸುವಿನ ಮೈಗೆ ಹೋಗಿ, ಮಿಕ್ಕಿದ್ದು ಹಾಲಿಗೆ.

ದ್ವಿದಳ ಮೇವು ಮೂರು ದಾರಿಯಲ್ಲಿ ಕೆಲಸ ಮಾಡುತ್ತದೆ. ಮೂರರಲ್ಲಿ ನಮ್ಮ ಕೊಟ್ಟಿಗೆಗೆ ದೊಡ್ಡದು ಯಾವುದು ಎಂದರೆ, ಯಾರೂ ಹೆಚ್ಚು ಮಾತಾಡದ ಮೊದಲನೆಯದು: ಪ್ರೋಟೀನಿನಲ್ಲಿರುವ ಸಾರಜನಕ.

ರಾಗಿ ಹುಲ್ಲಿನಲ್ಲಿ, ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇಕಡಾ 3-4ರ ಆಸುಪಾಸು. ರುಮೆನ್ನಿನ ಬ್ಯಾಕ್ಟೀರಿಯಾಗೆ ತನ್ನ ಮೈ ಕಟ್ಟಿಕೊಳ್ಳಲು ಒಟ್ಟು ಮೇವಿನಲ್ಲಿ ಕನಿಷ್ಠ 7 ಶೇಕಡಾ ಪ್ರೋಟೀನಾದರೂ ಬೇಕು. ಅದಿಲ್ಲದಿದ್ದರೆ ನಾರು ಅರ್ಧಂಬರ್ಧ ಹುದುಗುತ್ತದೆ, ಹೊಟ್ಟೆ ತುಂಬಿಯೇ ಇರುತ್ತದೆ, ಹಸು ಹೆಚ್ಚು ತಿನ್ನಲಾರದು. ಬರೀ ಒಣಹುಲ್ಲು ಹಾಕಿದ ಹಸುವಿನ ಎಡ ಹೊಟ್ಟೆ ಉಬ್ಬಿ ಬೆನ್ನು ಮೂಳೆ ಎದ್ದು ಕಾಣುವುದು ಇದರಿಂದಲೇ. ಅದೇ ಹುಲ್ಲಿನ ಜೊತೆ ಶೇಕಡಾ 18-20 ಪ್ರೋಟೀನಿರುವ ಕುದುರೆಮೆಂತೆಯನ್ನೋ (ಲೂಸರ್ನ್) 20-25 ಇರುವ ಸುಬಾಬುಲ್ ಎಲೆಯನ್ನೋ ಹಾಕಿದರೆ ನಾರು ಒಡೆಯುವ ಬ್ಯಾಕ್ಟೀರಿಯಾಗಳಿಗೆ ಅಮೋನಿಯ ಸಿಗುತ್ತದೆ, ಹುಲ್ಲು ಬೇಗ ಕರಗುತ್ತದೆ, ಹೊಟ್ಟೆ ಬೇಗ ಖಾಲಿಯಾಗುತ್ತದೆ, ಹಸು ಇನ್ನಷ್ಟು ತಿನ್ನುತ್ತದೆ.

ಇನ್ನಷ್ಟು ತಿಂದರೆ ಮೀಥೇನೂ ಇನ್ನಷ್ಟು. ಇಲ್ಲಿಯೇ ಅನೇಕರು ಎಡವುವುದು. ಲೆಕ್ಕದ ಅನುಕೂಲಕ್ಕೆ ಒಂದು ಹಸುವನ್ನು ಊಹಿಸಿಕೊಳ್ಳಿ. ಹುಲ್ಲಿನ ಮೇಲೆಯೇ 8 ಕಿಲೋ ಒಣತೂಕ ತಿಂದು, ಶಕ್ತಿಯ 7 ಶೇಕಡಾ ಮೀಥೇನಿಗೆ ಕಳೆದು, 4 ಲೀಟರ್ ಹಾಲು ಕೊಡುತ್ತಿದೆ. ದಿನದ ಮೀಥೇನ್ 186 ಗ್ರಾಂ, ಲೀಟರ್ ಹಾಲಿಗೆ 46 ಗ್ರಾಂ. ದ್ವಿದಳ ಮೇವು ಸೇರಿಸಿದ ಮೇಲೆ ಅದೇ ಹಸು 9.5 ಕಿಲೋ ತಿಂದು, ನಷ್ಟ 6.3 ಶೇಕಡಾಗೆ ಇಳಿದು, ಹಾಲು ಆರೂವರೆ ಲೀಟರಿಗೆ ಏರಿತು ಎಂದುಕೊಳ್ಳಿ. ದಿನದ ಮೀಥೇನ್ 198 ಗ್ರಾಂ. ಹನ್ನೆರಡು ಗ್ರಾಂ ಹೆಚ್ಚೇ ಆಯಿತು. ಲೀಟರಿಗೆ ಮಾತ್ರ 30 ಗ್ರಾಂ. ಅದೇ ಹಾಲನ್ನು ಕಡಿಮೆ ಹಸುಗಳಿಂದ ಪಡೆದಾಗಲಷ್ಟೇ ವಾತಾವರಣಕ್ಕೆ ಲಾಭ. ಹಸುಗಳ ಸಂಖ್ಯೆಯೂ ಅಷ್ಟೇ, ಹಾಲೂ ಹೆಚ್ಚು ಎಂದರೆ ಒಟ್ಟು ಮೀಥೇನ್ ಇಳಿದಿಲ್ಲ. ಯಾವುದೇ ಮೇವಿನ ಬಗ್ಗೆ ಇಷ್ಟು ಶೇಕಡಾ ಮೀಥೇನ್ ಕಡಿಮೆ ಎಂದು ಓದಿದಾಗ, ಅದು ಹಸುವಿಗೋ, ಕಿಲೋ ಮೇವಿಗೋ, ಲೀಟರ್ ಹಾಲಿಗೋ ಎಂದು ಮೊದಲು ನೋಡಬೇಕು. ಮೂರೂ ಬೇರೆ ಬೇರೆ ಅಂಕಿಗಳು.

ಎರಡನೆಯ ದಾರಿ ಟ್ಯಾನಿನ್. ದ್ವಿದಳ ಮೇವಿನಲ್ಲಿ ನಮಗೆ ಬೇಕಾದುದು ಸಾಂದ್ರಿತ ಟ್ಯಾನಿನ್ ಎಂಬ ಬಗೆ. ಅದು ರುಮೆನ್ನಿನ ರಸದಲ್ಲಿ ಎಲೆಯ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ನಾಲ್ಕನೆಯ ಹೊಟ್ಟೆಯ ಹುಳಿಯಲ್ಲಿ, ಅಂದರೆ ರಸಸಾರ ಮೂರೂವರೆಗಿಂತ ಕೆಳಗಿಳಿದಲ್ಲಿ, ಬಿಟ್ಟುಬಿಡುತ್ತದೆ. ಹೀಗೆ ಪ್ರೋಟೀನು ರುಮೆನ್ ದಾಟಿ ಕರುಳಿಗೆ ಹೋಗಿ ನೇರ ಹಸುವಿಗೆ ದಕ್ಕುತ್ತದೆ. ಜೊತೆಗೆ ಟ್ಯಾನಿನ್ ನಾರು ಒಡೆಯುವ ಬ್ಯಾಕ್ಟೀರಿಯಾಗಳ ಕಿಣ್ವಗಳನ್ನೂ ಕಟ್ಟಿಹಾಕುವುದರಿಂದ ಹೈಡ್ರೊಜನ್ ಕಡಿಮೆ ಹುಟ್ಟುತ್ತದೆ, ಆರ್ಕಿಯಾಗಳ ಮೇಲೂ ಸ್ವಲ್ಪ ನೇರ ಪೆಟ್ಟು ಬೀಳುತ್ತದೆ. ಒಟ್ಟು ಮೇವಿನ ಒಣತೂಕದಲ್ಲಿ 2ರಿಂದ 4 ಶೇಕಡಾ ಟ್ಯಾನಿನ್ ಇದ್ದರೆ ಕೆಲಸ ಆಗುತ್ತದೆ. ಐದಾರು ಶೇಕಡಾ ದಾಟಿದರೆ ಹಸು ಗೋದಲಿಯಿಂದ ಬಾಯಿ ತೆಗೆಯುತ್ತದೆ, ಸಗಣಿ ಗಟ್ಟಿಯಾಗುತ್ತದೆ, ನಾರು ಜೀರ್ಣವಾಗದೆ ಹೋಗುತ್ತದೆ. ಆಗಲೂ ಮೀಥೇನ್ ಇಳಿಯುತ್ತದೆ ನಿಜ, ಉಪವಾಸ ಹಾಕಿದರೂ ಇಳಿಯುತ್ತದೆ.

ಈಗ ಸಾಮಾನ್ಯ ಕೊಟ್ಟಿಗೆಯ ಮೇವು ತೂಗೋಣ. ರಾಗಿ ಹುಲ್ಲು 4 ಕಿಲೋ, ಹೈಬ್ರಿಡ್ ನೇಪಿಯರ್ ಹಸಿಯಾಗಿ 15 ಕಿಲೋ, ಪಶು ಆಹಾರ 2 ಕಿಲೋ, ಸುಬಾಬುಲ್ ಎಲೆ ಹಸಿಯಾಗಿ 5 ಕಿಲೋ. ಒಣತೂಕಕ್ಕೆ ಇಳಿಸಿದರೆ ಕ್ರಮವಾಗಿ 3.6, 3, 1.8 ಮತ್ತು 1.5, ಒಟ್ಟು 9.9 ಕಿಲೋ. ಸುಬಾಬುಲ್ ಪಾಲು 15 ಶೇಕಡಾ. ಎಲೆಯಲ್ಲಿ 4 ಶೇಕಡಾ ಟ್ಯಾನಿನ್ ಇದೆಯೆಂದು ಹಿಡಿದರೂ ಒಟ್ಟು ಮೇವಿನಲ್ಲಿ ಅದು 0.6 ಶೇಕಡಾ. ಬೇಕಾದ 2 ಶೇಕಡಾಗೆ ಎಷ್ಟೋ ದೂರ! ಒಂದು ಹೊರೆ ಎಲೆ ಹಾಕಿ ಮೀಥೇನ್ ನಿಂತಿತು ಎಂದುಕೊಳ್ಳುವುದು ಇಲ್ಲಿ ಬಿದ್ದುಹೋಗುತ್ತದೆ. ಆ 5 ಕಿಲೋ ಎಲೆ ಪ್ರೋಟೀನಾಗಿ ದುಡಿಯುತ್ತದೆ, ಟ್ಯಾನಿನ್ನಾಗಿ ಅಲ್ಪವೇ. ಆಸ್ಟ್ರೇಲಿಯಾ, ಕೊಲಂಬಿಯಾಗಳ ಪ್ರಯೋಗಗಳಲ್ಲಿ ಸುಬಾಬುಲ್‌ನಿಂದ ಮೀಥೇನ್ ಎದ್ದು ಕಾಣುವಷ್ಟು ಇಳಿದದ್ದು ಅದು ಮೇವಿನ ಕಾಲು ಭಾಗ, ಅದಕ್ಕೂ ಹೆಚ್ಚು ಆದಾಗ. ಟ್ಯಾನಿನ್ನಿನ ಪ್ರಮಾಣವೂ ತಳಿ, ಮಣ್ಣು, ಎಲೆಯ ವಯಸ್ಸು, ಬೇಸಿಗೆಯ ಒಣತನ ಇವುಗಳ ಮೇಲೆ ಏರಿಳಿಯುತ್ತದೆ.

ಎಲೆಯಿಂದ ತಲುಪಲಾಗದ ಪ್ರಮಾಣವನ್ನು ಪುಡಿಯಿಂದ ತಲುಪುವ ಯತ್ನ ಬೆಂಗಳೂರಿನಲ್ಲೇ ಆಗಿದೆ. ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಟ್ಯಾನಿನ್ ಇರುವ ಸಸ್ಯಮೂಲಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಮಾಡಿದೆ. ದಿನಕ್ಕೆ ಸುಮಾರು 500 ಗ್ರಾಂ ಕೊಟ್ಟರೆ ಮೀಥೇನ್ 17ರಿಂದ 20 ಶೇಕಡಾ ಇಳಿಯುತ್ತದೆ ಎನ್ನುವುದು ಸಂಸ್ಥೆಯ ಅಂಕಿ. ರುಮೆನ್ ಪೂರ್ತಿ ಬೆಳೆಯದ ಎಳೆಗರುವಿಗೆ ಇಂಥದ್ದು ಬೇಡ.

ಮೂರನೆಯದು ಸಪೋನಿನ್. ಸೀಗೆಕಾಯಿಯ ನೊರೆ, ಅಂಟುವಾಳದ ನೊರೆ ಅದರದೇ. ಅಂದಹಾಗೆ ಸೀಗೆಯೂ ದ್ವಿದಳ ಜಾತಿಯ ಬಳ್ಳಿಯೇ. ಕುದುರೆಮೆಂತೆ, ಅಗಸೆ ಮರದ ಎಲೆಗಳಲ್ಲಿ ಸಪೋನಿನ್ ಇದೆ. ಪ್ರೋಟೊಜೋವಾದ ಮೈಹೊದಿಕೆಯಲ್ಲಿರುವ ಕೊಲೆಸ್ಟೆರಾಲಿಗೆ ಅದು ಅಂಟಿಕೊಂಡು ಹೊದಿಕೆ ಹರಿಯುತ್ತದೆ, ಜೀವಿ ಒಡೆದು ಸಾಯುತ್ತದೆ. ಬ್ಯಾಕ್ಟೀರಿಯಾಗೆ ಅಂಥ ಹೊದಿಕೆ ಇಲ್ಲ, ಅದು ಉಳಿಯುತ್ತದೆ. ಪ್ರೋಟೊಜೋವಾದ ಮೈಗೆ ಅಂಟಿಕೊಂಡು, ಒಳಗೆ ಸೇರಿಕೊಂಡು ಬದುಕುವ ಆರ್ಕಿಯಾಗಳು ಸಾಕಷ್ಟಿವೆ. ರುಮೆನ್ನಿನ ಮೀಥೇನಿನಲ್ಲಿ ಹತ್ತಿರಹತ್ತಿರ ಹತ್ತನೇ ಒಂದರಿಂದ ಕಾಲು ಪಾಲು ಇವುಗಳದ್ದೇ. ಮನೆ ಬಿದ್ದರೆ ಬಾಡಿಗೆದಾರನೂ ಬೀದಿಗೆ.

ಆದರೆ ಸಪೋನಿನ್ನಿನ ಆಟ ಕೆಲವು ವಾರಗಳದ್ದು. ರುಮೆನ್ನಿನ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯ ಕೊಂಡಿಗಳನ್ನು ಕತ್ತರಿಸುವುದನ್ನು ರೂಢಿ ಮಾಡಿಕೊಳ್ಳುತ್ತವೆ, ಪ್ರೋಟೊಜೋವಾ ಮತ್ತೆ ತುಂಬಿಕೊಳ್ಳುತ್ತದೆ. ಪ್ರಯೋಗಾಲಯದ ಫಲಿತಾಂಶಗಳು ಕೊಟ್ಟಿಗೆಯಲ್ಲಿ ಕೈಕೊಡುವುದಕ್ಕೆ ಇದೊಂದು ಮುಖ್ಯ ಕಾರಣ. ಪ್ರಯೋಗಾಲಯದಲ್ಲಿ ಗಾಜಿನ ಸಿರಿಂಜಿಗೆ 200 ಮಿಲಿಗ್ರಾಂ ಮೇವಿನ ಪುಡಿ, 30 ಮಿಲಿಲೀಟರ್ ರುಮೆನ್ ರಸ ಮತ್ತು ಕ್ಷಾರ ದ್ರಾವಣದ ಮಿಶ್ರಣ ಹಾಕಿ, 39 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಹುಟ್ಟಿದ ಅನಿಲ ಅಳೆಯುತ್ತಾರೆ. ಹತ್ತಾರು ಎಲೆಗಳನ್ನು ಜರಡಿ ಹಿಡಿಯಲು ಇದು ಒಳ್ಳೆಯ ಪದ್ಧತಿ. ಆದರೆ ಒಂದು ದಿನದಲ್ಲಿ ಸೂಕ್ಷ್ಮಜೀವಿಗಳು ಹೊಂದಿಕೊಳ್ಳುವುದಿಲ್ಲ, ಸಿರಿಂಜು ಮೇವನ್ನು ಮೂಸಿ ಬಿಟ್ಟುಬಿಡುವುದೂ ಇಲ್ಲ.

ರುಮೆನ್ ಹೀಗೆ ಕಲಿಯುತ್ತದೆ ಎಂಬುದಕ್ಕೆ ಸುಬಾಬುಲ್ ಕಥೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದರ ಎಲೆಯಲ್ಲಿ, ಎಳೆಯ ಕುಡಿಯಲ್ಲಂತೂ ಹೆಚ್ಚಾಗಿ, ಮಿಮೊಸಿನ್ ಎಂಬ ವಿಷಕಾರಿ ಅಮೈನೊ ಆಮ್ಲ ಇದೆ. ಕೂದಲು ಉದುರುವುದು ಅದರಿಂದ. ರುಮೆನ್ನಿನಲ್ಲಿ ಅದು ಒಡೆದು ಡಿಎಚ್‌ಪಿ ಎಂಬ ವಸ್ತುವಾಗುತ್ತದೆ, ಅದು ಥೈರಾಯ್ಡ್ ಗ್ರಂಥಿಯನ್ನು ಊದಿಸುತ್ತದೆ. ಆಸ್ಟ್ರೇಲಿಯಾದ ದನಗಳು ಸುಬಾಬುಲ್ ತಿಂದು ಸೊರಗುತ್ತಿದ್ದವು, ಹವಾಯಿಯ ಮೇಕೆಗಳು ಅದನ್ನೇ ತಿಂದು ಆರಾಮಾಗಿದ್ದವು. ವಿಜ್ಞಾನಿ ರೇಮಂಡ್ ಜೋನ್ಸ್ ವ್ಯತ್ಯಾಸ ಪ್ರಾಣಿಯದ್ದಲ್ಲ, ಹೊಟ್ಟೆಯ ಜೀವಿಗಳದ್ದು ಎಂದು ಊಹಿಸಿದರು. 1980ರ ದಶಕದ ಆರಂಭದಲ್ಲಿ ಹವಾಯಿ ಮೇಕೆಯ ರುಮೆನ್ ಜೀವಿಗಳನ್ನು ಆಸ್ಟ್ರೇಲಿಯಾಕ್ಕೆ ತಂದು ಅಲ್ಲಿನ ಪ್ರಾಣಿಗಳ ಹೊಟ್ಟೆಗೆ ಸೇರಿಸಿದಾಗ ಅವೂ ಡಿಎಚ್‌ಪಿ ಒಡೆಯತೊಡಗಿದವು. ಕೆಲವೇ ದನಗಳಿಗೆ ಕೊಟ್ಟರೂ ಜೊತೆಯಲ್ಲಿ ಮೇಯುವ ಇಡೀ ಹಿಂಡಿಗೆ ಹಬ್ಬಿತು. ಡಿಎಚ್‌ಪಿ ಒಡೆಯುವ ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಜೋನ್ಸ್ ಅವರದೇ ಗೌರವಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಿಟ್ಟರು. ಆಮೇಲೆ ಬೇರೆ ಬೇರೆ ದೇಶಗಳ ದನ, ಮೇಕೆಗಳಲ್ಲೂ ಅದು ಸಿಕ್ಕಿದೆ.

ನಮ್ಮ ಕೊಟ್ಟಿಗೆಗೆ ಇದರಿಂದ ಬರುವ ನಿಯಮ ಸರಳ. ಸುಬಾಬುಲ್ ಒಟ್ಟು ಮೇವಿನ ಒಣತೂಕದ 30 ಶೇಕಡಾ ಮೀರಬಾರದು. 400 ಕಿಲೋ ಹಸುವಿಗೆ ಅಂದರೆ ಹಸಿಯಾಗಿ 10 ಕಿಲೋ ಒಳಗೆ. ಮೊದಲ ವಾರ ಎರಡು ಕಿಲೋ, ಆಮೇಲೆ ಏರಿಸುತ್ತ ಮೂರು ವಾರಕ್ಕೆ ಪೂರ್ತಿ ಪ್ರಮಾಣ. ಎಲೆಯನ್ನು ಕತ್ತರಿಸಿ ಒಣಗಿಸಿದರೆ ಎಲೆಯ ಕಿಣ್ವವೇ ಮಿಮೊಸಿನ್ನನ್ನು ಒಡೆಯುತ್ತದೆ. ಆದರೆ ಒಡೆದು ಬರುವುದು ಡಿಎಚ್‌ಪಿಯೇ ಆದ್ದರಿಂದ, ಒಣಗಿಸಿದ್ದೇವೆ, ಇನ್ನು ಎಷ್ಟಾದರೂ ಹಾಕಬಹುದು ಎಂಬ ಲೆಕ್ಕ ತಪ್ಪು. ಬಾಲದ ತುದಿಯ ಕೂದಲು ಉದುರುವುದು, ಜೊಲ್ಲು, ತೂಕ ನಿಲ್ಲುವುದು ಕಂಡರೆ ಎಲೆ ನಿಲ್ಲಿಸಿ. ಕುದುರೆ, ಹಂದಿ, ಮೊಲ, ಕೋಳಿಗಳಿಗೆ ಆ ರುಮೆನ್ ಇಲ್ಲ, ಅವುಗಳಿಂದ ಇದನ್ನು ದೂರ ಇಡುವುದೇ ಲೇಸು.

ಕುದುರೆಮೆಂತೆಯ ಅಪಾಯ ಬೇರೆ. ಅದರಲ್ಲಿ ಟ್ಯಾನಿನ್ ಇಲ್ಲವೆನ್ನುವಷ್ಟು ಕಡಿಮೆ, ಕರಗುವ ಪ್ರೋಟೀನು ಹೆಚ್ಚು. ಬೆಳಗಿನ ಇಬ್ಬನಿಯಲ್ಲಿ ಕೊಯ್ದ ಎಳೆಯ ಮೇವನ್ನು ಹಸಿದ ಹಸುವಿಗೆ ಹಾಕಿದರೆ ಆ ಪ್ರೋಟೀನು ರುಮೆನ್ನಿನಲ್ಲಿ ನೊರೆ ಕಟ್ಟುತ್ತದೆ. ಅನಿಲ ನೊರೆಯೊಳಗೆ ಸಿಕ್ಕಿಬಿದ್ದು ತೇಗು ನಿಲ್ಲುತ್ತದೆ. ಎಡ ಪಕ್ಕೆ ಡೋಲಿನಂತೆ ಉಬ್ಬುತ್ತದೆ, ಗಂಟೆಗಳಲ್ಲೇ ಹಸು ಸಾಯಬಹುದು. ಕೊಯ್ದ ಮೇವು ನಾಲ್ಕೈದು ಗಂಟೆ ಬಾಡಲಿ. ಮೊದಲು ಎರಡು ಕಿಲೋ ಒಣಹುಲ್ಲು ತಿಂದಿರಲಿ. ಉಬ್ಬರ ಶುರುವಾದರೆ ಪಶುವೈದ್ಯರಿಗೆ ಕರೆ ಮಾಡಿ, ಅವರು ಬರುವವರೆಗೆ ಕಡಲೆಕಾಯಿ ಎಣ್ಣೆ 250ರಿಂದ 500 ಮಿಲಿಲೀಟರ್ ನಿಧಾನವಾಗಿ ಕುಡಿಸಬಹುದು; ಎಣ್ಣೆ ನೊರೆಯನ್ನು ಒಡೆಯುತ್ತದೆ. ತಲೆಯನ್ನು ಮೇಲಕ್ಕೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ನೆನಪಿರಲಿ. ಟ್ಯಾನಿನ್ ಇರುವ ದ್ವಿದಳಗಳಲ್ಲಿ ಈ ಉಬ್ಬರ ಇಲ್ಲದಿರುವುದಕ್ಕೂ ಕಾರಣ ಅದೇ ಒಗರು: ನೊರೆ ಕಟ್ಟುವ ಪ್ರೋಟೀನನ್ನು ಅದು ಮೊದಲೇ ಹಿಡಿದುಬಿಟ್ಟಿರುತ್ತದೆ.

ಪ್ರೋಟೀನು ಹೆಚ್ಚಾದರೆ ಇನ್ನೊಂದು ಕಡೆಯಿಂದ ಸೋರಿಕೆ. ಬ್ಯಾಕ್ಟೀರಿಯಾ ಬಳಸಲಾಗದ ಅಮೋನಿಯ ರಕ್ತ ಸೇರಿ ಯೂರಿಯವಾಗಿ ಗಂಜಲದಲ್ಲಿ ಹೋಗುತ್ತದೆ, ಮಣ್ಣಿನಲ್ಲಿ ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿದರೆ ನೈಟ್ರಸ್ ಆಕ್ಸೈಡ್ ಸುಮಾರು 270 ಪಟ್ಟು. ಬರೀ ಕುದುರೆಮೆಂತೆ ಸುರಿದು ಬೀಗುವುದು ಎಡಗೈಯಿಂದ ಉಳಿಸಿ ಬಲಗೈಯಿಂದ ಚೆಲ್ಲಿದ ಹಾಗೆ. ಪ್ರೋಟೀನಿನ ಜೊತೆ ಬೇಗ ಹುದುಗುವ ಪಿಷ್ಟವೂ ಬೇಕು: ಮುಸುಕಿನ ಜೋಳದ ಹಸಿಮೇವು, ಒಂದು ಕಿಲೋ ಜೋಳದ ನುಚ್ಚು, ಹೀಗೆ.

ಬೆಳೆಯುವುದಕ್ಕೆ ಬಂದರೆ, ನಮ್ಮಲ್ಲಿ ಎಲ್ಲಕ್ಕಿಂತ ಸಲೀಸು ಅಲಸಂದೆ. ಮೂರು ಸಾಲು ಮುಸುಕಿನ ಜೋಳಕ್ಕೆ ಒಂದು ಸಾಲು ಹಾಕಿ, 50-60 ದಿನಕ್ಕೆ ಅರ್ಧ ಹೂವಾದಾಗ ಎರಡನ್ನೂ ಒಟ್ಟಿಗೆ ಕೊಯ್ಯಬಹುದು. ಒಂದೇ ಬೆಳೆಯಾದರೆ ಎಕರೆಗೆ 16 ಕಿಲೋ ಬೀಜ. ಕಾಯಿ ಬಲಿಯಲು ಬಿಟ್ಟರೆ ಎಲೆ ಉದುರಿ ಕಡ್ಡಿ ಉಳಿಯುತ್ತದೆ, ನಾರು ಹೆಚ್ಚಾಗುತ್ತದೆ, ಇಷ್ಟೆಲ್ಲ ಮಾಡಿದ್ದು ವ್ಯರ್ಥ. ನೀರಾವರಿ ಇದ್ದರೆ ಕುದುರೆಮೆಂತೆ, ಎಕರೆಗೆ 8-10 ಕಿಲೋ. ಹೈಬ್ರಿಡ್ ನೇಪಿಯರ್ ಸಾಲುಗಳ ನಡುವೆ ಬೇಲಿಮೆಂತೆ ಚೆನ್ನಾಗಿ ಕೂರುತ್ತದೆ. ಬಿತ್ತಿ 90 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 40-45 ದಿನಕ್ಕೊಮ್ಮೆ, ನೆಲದಿಂದ ಅರ್ಧ ಮೀಟರ್ ಬಿಟ್ಟು. ಬೇಲಿಮೆಂತೆ, ಸುಬಾಬುಲ್ ಎರಡರ ಬೀಜದ ಸಿಪ್ಪೆಯೂ ಗಟ್ಟಿ. ಕುದಿದ ನೀರನ್ನು ಇಳಿಸಿ 80 ಡಿಗ್ರಿಗೆ ಬಂದ ಮೇಲೆ ಬೀಜವನ್ನು ಐದು ನಿಮಿಷ ಹಾಕಿ ತೆಗೆದು, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಬೇಕು. ಕುದಿಯುವ ನೀರಲ್ಲೇ ಬಿಟ್ಟರೆ ಬೀಜ ಬೇಯುತ್ತದೆ. ಹಾಗೇ ಬಿತ್ತಿದರೆ ಹತ್ತರಲ್ಲಿ ಎರಡು ಮೂರು ಹುಟ್ಟಿಯಾವು. ನೀರಿಲ್ಲದ ಗೋಮಾಳ, ಬದುಗಳಿಗೆ ಸ್ಟೈಲೋ ಎಂಬ ದ್ವಿದಳ ಮೇವು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಇದೆ, ತಳಿ ಆರಿಸುವ ಮೊದಲು ಅಲ್ಲಿ ಕೇಳುವುದು ಒಳ್ಳೆಯದು.

ಗ್ಲಿರಿಸಿಡಿಯಾ ಬದುವಿನಲ್ಲಿ ಹೇರಳ, ಆದರೆ ದನ ಅದರ ವಾಸನೆಗೆ ಮೂಗು ತಿರುಗಿಸುತ್ತದೆ. ಒಂದು ರಾತ್ರಿ ಬಾಡಿಸಿ, ಬೇರೆ ಮೇವಿನ ಜೊತೆ ಕತ್ತರಿಸಿ ಬೆರೆಸಿದರೆ ತಿನ್ನುತ್ತದೆ. ರಾಶಿ ಹಾಕಿ ಬೂಸ್ಟು ಹಿಡಿಸಿದ ಎಲೆ ಬೇಡ. ಅದರಲ್ಲಿರುವ ಕೂಮರಿನ್ ಬೂಸ್ಟಿನಿಂದ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಾಗುತ್ತದೆ.

ಕೊಟ್ಟಿಗೆಯಲ್ಲಿ ಮೀಥೇನ್ ಅಳೆಯಲು ಆಗದು. ಅಳೆಯಬಹುದಾದ್ದು ಇಷ್ಟು: ಬೆಳಿಗ್ಗೆ ಗೋದಲಿಯಲ್ಲಿ ಉಳಿದ ಹುಲ್ಲಿನ ತೂಕ, ದಿನದ ಹಾಲು, ಸಗಣಿ. ಹೊಸ ಮೇವು ಶುರು ಮಾಡುವ ಮೊದಲು ಒಂದು ವಾರ, ಪೂರ್ತಿ ಪ್ರಮಾಣಕ್ಕೆ ಬಂದು ಮೂರು ವಾರದ ನಂತರ ಒಂದು ವಾರ ಬರೆದಿಡಿ. ಮಧ್ಯದ ದಿನಗಳ ಅಂಕಿಗೆ ಬೆಲೆ ಇಲ್ಲ, ಹೊಟ್ಟೆಯ ಜೀವಿಗಳು ಇನ್ನೂ ಜಾಗ ಹಿಡಿಯುತ್ತಿರುತ್ತವೆ. ಸಗಣಿಯನ್ನು ಜರಡಿಯಲ್ಲಿ ನೀರು ಬಿಟ್ಟು ತೊಳೆದಾಗ ಬೆರಳಗಲದ ಹುಲ್ಲಿನ ತುಂಡುಗಳು ಕಡಿಮೆಯಾಗಿದ್ದರೆ ನಾರು ಕರಗುತ್ತಿದೆ. ಹೆಚ್ಚಾಗಿದ್ದು ಸಗಣಿಯೂ ಗಟ್ಟಿಯಾಗಿದ್ದರೆ ಒಗರು ಜಾಸ್ತಿಯಾಯಿತು ಎಂದೇ ಅರ್ಥ, ಎಲೆಯನ್ನು ಮೂರನೇ ಒಂದು ಭಾಗ ಕಡಿತ ಮಾಡಿ ಮತ್ತೆ ಹತ್ತು ದಿನ ನೋಡಿ.